ಮಧುಮೇಹಿಯ ಪಾದದ ಹುಣ್ಣಿಗೆ ಯಾವ ಔಷಧ ಹಚ್ಚಬೇಕು?

ಯಾವುದೇ ದೊಡ್ಡ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಗೆ ಬೆಳಗಿನ ಹೊತ್ತು ಹೋಗಿ ನೋಡಿ. ಬಾಗಿಲ ಹೊರಗೆ ಬೆಂಚಿನ ಮೇಲೆ ಕಾದು ಕುಳಿತವರಲ್ಲಿ ಸಕ್ಕರೆ ಕಾಯಿಲೆಯವರು ಬಹಳ ಮಂದಿ. ಒಂದು ಕಾಲಿಗೆ ಹವಾಯಿ ಚಪ್ಪಲಿ, ಇನ್ನೊಂದಕ್ಕೆ ಬ್ಯಾಂಡೇಜು, ಅದು ಕೊಳೆಯಾಗದಿರಲೆಂದು ಮೇಲೊಂದು ಪ್ಲಾಸ್ಟಿಕ್ ಚೀಲ. ಒಳಗಿನ ಟ್ರಾಲಿಯ ಮೇಲೆ ಕಂದು ಬಣ್ಣದ ಪೊವಿಡೋನ್ ಅಯೋಡಿನ್, ಸುರಿದ ಕೂಡಲೇ ಬುಸುಬುಸು ನೊರೆಯೇಳುವ ಹೈಡ್ರೋಜನ್ ಪೆರಾಕ್ಸೈಡ್, ಸಲೈನ್ ಬಾಟಲಿ, ಬೆಳ್ಳಿ ಬೆರೆಸಿದ ಮುಲಾಮಿನ ಡಬ್ಬಿ. "ಸಿಸ್ಟರ್, ಸ್ವಲ್ಪ ಜಾಸ್ತೀನೇ ಹಾಕಿ, ಬೇಗ ಒಣಗಲಿ" ಎಂಬ ಮಾತು ಅಲ್ಲಿ ದಿನವೂ ಕಿವಿಗೆ ಬೀಳುತ್ತದೆ.

ಈ ಬಾಟಲಿಗಳಲ್ಲಿ ಯಾವುದು ಮೇಲು? ಮನೆಯವರೂ ಕೇಳುತ್ತಾರೆ, ವೈದ್ಯರೂ ಕೇಳಿಕೊಂಡಿದ್ದಾರೆ. ಉತ್ತರ ಹುಡುಕಿ ದಶಕಗಳಿಂದ ಪ್ರಯೋಗಗಳು ನಡೆದಿವೆ. ಅವನ್ನು ಒಟ್ಟಿಗೆ ಇಟ್ಟು ಓದಿದರೆ ಕಾಣುವುದು ಇಷ್ಟು: ಔಷಧಗಳ ನಡುವಿನ ವ್ಯತ್ಯಾಸ ಸಣ್ಣದು. ಹುಣ್ಣಿನ ಮೇಲೆ ಬೀಳುವ ಭಾರ, ಅದರ ಸುತ್ತ ಸತ್ತು ನಿಂತ ಚರ್ಮ, ಕಾಲಿಗೆ ಹರಿಯುವ ರಕ್ತ ಇವು ಮೂರರ ಮುಂದೆ ಆ ವ್ಯತ್ಯಾಸ ಇನ್ನೂ ಸಣ್ಣದಾಗುತ್ತದೆ. ನಾವು ಮಾತ್ರ ಬಾಟಲಿಯ ಮೇಲೆಯೇ ಭರವಸೆ ಇಟ್ಟು ದಿನ ಕಳೆಯುತ್ತೇವೆ. ಆ ದಿನಗಳಲ್ಲೇ ಕಾಲು ಕೈಬಿಟ್ಟು ಹೋಗುತ್ತದೆ.

ಭಾರತದಲ್ಲಿ ಮಧುಮೇಹಿಗಳು 10 ಕೋಟಿ ದಾಟಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ನಡೆದ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ತಿಳಿಸಿತು. ಮಧುಮೇಹ ಇರುವವರಲ್ಲಿ ಶೇ 19ರಿಂದ 34ರಷ್ಟು ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ಪಾದದ ಹುಣ್ಣು ಆಗುತ್ತದೆ ಎಂಬುದು ತಜ್ಞರು ಒಪ್ಪಿರುವ ಅಂದಾಜು. ಆ ಹುಣ್ಣುಗಳಲ್ಲಿ ಸುಮಾರು ಅರ್ಧದಷ್ಟು ಸೋಂಕಿಗೆ ಒಳಗಾಗುತ್ತವೆ.

ಹುಣ್ಣು ಏಳುವ ಬಗೆಯನ್ನು ತಿಳಿದರೆ ಮುಂದಿನದೆಲ್ಲ ಸುಲಭ. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಏರಿದ್ದರೆ ಕಾಲಿನ ನರಗಳು ಸಾಯತೊಡಗುತ್ತವೆ. ಮೊದಲು ಜೋಮು, ಉರಿ; ಆಮೇಲೆ ಏನೂ ಗೊತ್ತಾಗುವುದಿಲ್ಲ. ಪಾದದ ಸಣ್ಣ ಸ್ನಾಯುಗಳನ್ನು ನಡೆಸುವ ನರಗಳೂ ಸೋಲುವುದರಿಂದ ಬೆರಳುಗಳು ಮಡಚಿಕೊಳ್ಳುತ್ತವೆ, ಅಂಗಾಲಿನ ಮುಂಭಾಗದಲ್ಲಿ ಮೂಳೆಯ ತುದಿಗಳು ಕೆಳಗೆ ಉಬ್ಬುತ್ತವೆ. ಬೆವರು ನಿಂತು ಚರ್ಮ ಒಣಗಿ ಹಿಮ್ಮಡಿ ಬಿರಿಯುತ್ತದೆ. ಉಬ್ಬಿದ ಮೂಳೆಯ ಕೆಳಗೆ ಪ್ರತಿ ಹೆಜ್ಜೆಯ ಒತ್ತಡವೂ ಒಂದೇ ಜಾಗಕ್ಕೆ ಬಿದ್ದು ಜಡ್ಡು ಕಟ್ಟುತ್ತದೆ. ಜಡ್ಡು ದಪ್ಪವಾದಷ್ಟೂ ಅದರಡಿಯ ಮೆತ್ತನೆ ಮಾಂಸ ನಲುಗುತ್ತದೆ. ಒಳಗೇ ರಕ್ತ ಒಸರಿ, ಹೊರಗಿನಿಂದ ಕಪ್ಪು ಚುಕ್ಕೆಯಂತೆ ಕಾಣುವಷ್ಟರಲ್ಲಿ ಒಳಗೆ ಹುಣ್ಣು ಆಗಿಯೇ ಇರುತ್ತದೆ. ನೋವು ಇದ್ದವರು ಕುಂಟುತ್ತಾರೆ, ಕಾಲಿಗೆ ವಿಶ್ರಾಂತಿ ಕೊಡುತ್ತಾರೆ. ನೋವೇ ಇಲ್ಲದವರು ಅದೇ ಹುಣ್ಣಿನ ಮೇಲೆ ಬಸ್‌ಸ್ಟ್ಯಾಂಡಿಗೂ ಹೊಲಕ್ಕೂ ನಡೆಯುತ್ತಾರೆ. ಚಪ್ಪಲಿಯ ಉಂಗುಷ್ಠ ಉಜ್ಜಿದ್ದು, ಬೈಕಿನ ಸೈಲೆನ್ಸರ್ ತಾಗಿದ್ದು, ಏಪ್ರಿಲ್ ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಬಂದದ್ದು, ರಾತ್ರಿ ಇಲಿ ಕಚ್ಚಿದ್ದು ಎಲ್ಲವೂ ಮರುದಿನ ರಕ್ತದ ಕಲೆ ನೋಡಿದಾಗಲೇ ಗೊತ್ತಾಗುವುದು.

ಈಗ ಔಷಧಗಳ ವಿಚಾರ. ಗಾಯಕ್ಕೆ ಕ್ರಿಮಿನಾಶಕ ಹಚ್ಚುವ ಆಧುನಿಕ ಪದ್ಧತಿಗೆ ನಾಂದಿ ಹಾಡಿದವರು ಗ್ಲ್ಯಾಸ್ಗೋದ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್. 1865ರ ಆಗಸ್ಟಿನಲ್ಲಿ ಗಾಡಿಯ ಚಕ್ರ ಹರಿದು ಕಾಲು ಮುರಿದಿದ್ದ 11 ವರ್ಷದ ಹುಡುಗನ ಗಾಯಕ್ಕೆ ಅವರು ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆ ಕಟ್ಟಿದರು. ಅಂಥ ಗಾಯಗಳು ಕೀವಾಗಿ ಕಾಲು ಕತ್ತರಿಸುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಆ ಹುಡುಗನ ಕಾಲು ಉಳಿಯಿತು. ವೈದ್ಯಲೋಕ ಆ ದಾರಿ ಹಿಡಿಯಿತು.

ಅರ್ಧ ಶತಮಾನ ಕಳೆದು ಮೊದಲ ಮಹಾಯುದ್ಧ ಬಂದಾಗ ಅದೇ ದಾರಿ ಅರ್ಧಕ್ಕೆ ನಿಂತಿತು. ಫ್ರಾನ್ಸಿನ ಬೂಲೋನ್‌ನಲ್ಲಿದ್ದ ಸೇನಾ ಪ್ರಯೋಗಾಲಯದಲ್ಲಿ, ಮುಂದೆ ಪೆನಿಸಿಲಿನ್ ಕಂಡುಹಿಡಿದು ಹೆಸರಾದ ಅಲೆಕ್ಸಾಂಡರ್ ಫ್ಲೆಮಿಂಗ್, ಸೈನಿಕರ ಗಾಯಗಳು ಕ್ರಿಮಿನಾಶಕ ಹಾಕಿದರೂ ಏಕೆ ಕೊಳೆಯುತ್ತಿವೆ ಎಂದು ಪರೀಕ್ಷಿಸುತ್ತಿದ್ದರು. ಅವರು ಮಾಡಿದ ಒಂದು ಪ್ರಯೋಗ ಇವತ್ತಿಗೂ ಕಣ್ಣು ತೆರೆಸುವಂಥದು. ಗಾಜಿನ ನಳಿಕೆಯೊಂದನ್ನು ಕಾಯಿಸಿ, ಅದರ ಗೋಡೆಯಿಂದ ಟೊಳ್ಳು ಮುಳ್ಳುಗಳನ್ನು ಹೊರಕ್ಕೆ ಎಳೆದರು. ಬಾಂಬಿನ ಚೂರು ಮಾಂಸದೊಳಗೆ ಕೊರೆದ ಸಂದುಗೊಂದುಗಳಿಗೆ ಅದು ಮಾದರಿ. ಬ್ಯಾಕ್ಟೀರಿಯಾ ಬೆರೆತ ದ್ರವವನ್ನು ಅದರಲ್ಲಿ ತುಂಬಿ ಚೆಲ್ಲಿದರು, ಕ್ರಿಮಿನಾಶಕ ತುಂಬಿಟ್ಟು ಅದನ್ನೂ ಚೆಲ್ಲಿದರು, ಆಮೇಲೆ ಶುದ್ಧ ದ್ರವ ತುಂಬಿದರು. ಕಾದು ನೋಡಿದರೆ ನಳಿಕೆಯ ತುಂಬ ಮತ್ತೆ ಬ್ಯಾಕ್ಟೀರಿಯಾ! ಮುಳ್ಳುಗಳ ತುದಿಯಲ್ಲಿ ಅವಿತಿದ್ದವನ್ನು ಔಷಧ ಮುಟ್ಟಿಯೇ ಇರಲಿಲ್ಲ. ಅಷ್ಟೇ ಅಲ್ಲ, ಬ್ಯಾಕ್ಟೀರಿಯಾದೊಡನೆ ಕಾದಾಡಬೇಕಾದ ದೇಹದ ಬಿಳಿ ರಕ್ತಕಣಗಳನ್ನು ಆ ಔಷಧಗಳೇ ಕೊಲ್ಲುತ್ತಿದ್ದವು. ಆಳವಾದ ಗಾಯದಲ್ಲಿ ಸತ್ತ ಮಾಂಸವನ್ನು ಕತ್ತರಿಸಿ ತೆಗೆಯದೆ ಔಷಧ ಸುರಿದು ಪ್ರಯೋಜನವಿಲ್ಲ ಎಂಬ ಅವರ ತೀರ್ಮಾನ ಮಧುಮೇಹಿಯ ಪಾದಕ್ಕೂ ಅಕ್ಷರಶಃ ಸಲ್ಲುತ್ತದೆ.

ನಮ್ಮ ಟ್ರಾಲಿಯ ಮೇಲಿನ ಬಾಟಲಿಗಳನ್ನು ಒಂದೊಂದಾಗಿ ನೋಡೋಣ. ಹೈಡ್ರೋಜನ್ ಪೆರಾಕ್ಸೈಡಿನ ನೊರೆ ಕಂಡು ಕ್ರಿಮಿ ಸಾಯುತ್ತಿದೆ ಎಂದು ಸಂತೋಷಪಡುವವರೇ ಹೆಚ್ಚು. ವಾಸ್ತವದಲ್ಲಿ ನಮ್ಮ ರಕ್ತ ಮತ್ತು ಮಾಂಸದಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವ ಆ ಔಷಧವನ್ನು ಒಡೆದು ನೀರು, ಆಮ್ಲಜನಕ ಮಾಡುವಾಗ ಏಳುವ ಗುಳ್ಳೆಗಳು ಅವು. ಅಂದರೆ ಔಷಧ ನಿಷ್ಕ್ರಿಯವಾಗುತ್ತಿರುವುದರ ಗುರುತು. 1985ರಲ್ಲಿ ಅಮೆರಿಕದ ಸಂಶೋಧಕರು ಶೇ 1ರ ಪೊವಿಡೋನ್ ಅಯೋಡಿನ್, ಶೇ 3ರ ಪೆರಾಕ್ಸೈಡ್, ಶೇ 0.5ರ ಸೋಡಿಯಂ ಹೈಪೋಕ್ಲೋರೈಟ್, ಶೇ 0.25ರ ಅಸಿಟಿಕ್ ಆಮ್ಲ ನಾಲ್ಕನ್ನೂ ಹೊಸ ಮಾಂಸ ಕಟ್ಟುವ ಫೈಬ್ರೋಬ್ಲಾಸ್ಟ್ ಕೋಶಗಳ ಮೇಲೆ ಹಾಕಿ ನೋಡಿದರು. ನಾಲ್ಕೂ ಆ ಕೋಶಗಳನ್ನು ಕೊಂದವು. ನೀರು ಬೆರೆಸುತ್ತ ಹೋದಾಗ ಅಯೋಡಿನ್ ಮತ್ತು ಹೈಪೋಕ್ಲೋರೈಟ್‌ಗಳಲ್ಲಿ ಕೋಶ ಬದುಕಿ ಬ್ಯಾಕ್ಟೀರಿಯಾ ಮಾತ್ರ ಸಾಯುವ ಹದವೊಂದು ಸಿಕ್ಕಿತು. ಪೆರಾಕ್ಸೈಡ್ ಮತ್ತು ಅಸಿಟಿಕ್ ಆಮ್ಲಗಳಲ್ಲಿ ಅಂಥ ಹದ ಸಿಗಲಿಲ್ಲ. ಪ್ರಯೋಗಾಲಯದ ತಟ್ಟೆಯೂ ನಡೆದಾಡುವ ಮನುಷ್ಯನ ಕಾಲೂ ಒಂದೇ ಅಲ್ಲ, ನಿಜ. ಆದರೂ ಪೆರಾಕ್ಸೈಡನ್ನು ದಿನವೂ ಪಾದದ ಹುಣ್ಣಿಗೆ ಸುರಿಯಲು ನನಗೆ ಒಂದು ಕಾರಣವೂ ಕಾಣುವುದಿಲ್ಲ. ಅದನ್ನು ಟ್ರಾಲಿಯಿಂದ ಇಳಿಸುವುದೇ ಒಳ್ಳೆಯದು.

ಪೊವಿಡೋನ್ ಅಯೋಡಿನ್ ಬೇರೆ ಜಾತಿಯದು. ಅಯೋಡಿನ್ ಪತ್ತೆಯಾದದ್ದು 1811ರಲ್ಲಿ. ಹಳೆಯ ಟಿಂಚರ್ ಅಯೋಡಿನ್ ಹಚ್ಚಿಸಿಕೊಂಡು ಕಣ್ಣಲ್ಲಿ ನೀರು ಬಂದದ್ದು ನಮ್ಮ ಹಿರಿಯರಿಗೆ ನೆನಪಿರುತ್ತದೆ. 1955ರ ಸುಮಾರಿಗೆ ಅದನ್ನು ಪಾಲಿಮರ್ ಒಂದಕ್ಕೆ ಅಂಟಿಸಿ, ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿದ್ದೇ ಪೊವಿಡೋನ್ ಅಯೋಡಿನ್. ಬ್ಯಾಕ್ಟೀರಿಯಾ, ಶಿಲೀಂಧ್ರ, ವೈರಸ್ ಎಲ್ಲವನ್ನೂ ಕೊಲ್ಲುತ್ತದೆ. ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ತಳಿಗಳು ಹುಟ್ಟಿಕೊಂಡದ್ದು ಅಪರೂಪ. ಆ್ಯಂಟಿಬಯೋಟಿಕ್‌ಗಳು ಒಂದೊಂದೇ ಕೈಕೊಡುತ್ತಿರುವ ಈ ಕಾಲದಲ್ಲಿ ಇದು ಸಣ್ಣ ಗುಣವಲ್ಲ. ತಟ್ಟೆಯ ಪ್ರಯೋಗ ಹುಟ್ಟಿಸಿದ ಭಯ ರೋಗಿಗಳಲ್ಲಿ ನಿಜವಾಗಲಿಲ್ಲ. ಅಯೋಡಿನ್ ಹಾಕಿದ ಗಾಯಗಳು ಹಾಕದವುಗಳಿಗಿಂತ ತಡವಾಗಿ ಮಾದಿಲ್ಲ. ಆದರೆ ಬೇಗ ಮಾದದ್ದೂ ಸ್ಪಷ್ಟವಾಗಿಲ್ಲ. ದೊಡ್ಡ ಹುಣ್ಣಿಗೆ ಬಹಳ ದಿನ ಹಾಕಿದರೆ ಅಯೋಡಿನ್ ರಕ್ತಕ್ಕೆ ಸೇರುತ್ತದೆ. ಥೈರಾಯ್ಡ್ ತೊಂದರೆ ಇರುವವರು, ಕಿಡ್ನಿ ಸೋತವರು, ಗರ್ಭಿಣಿಯರು ವೈದ್ಯರಿಗೆ ಹೇಳಿಯೇ ಬಳಸಬೇಕು.

ಹೈಪೋಕ್ಲೋರೈಟಿನ ಕತೆಯೂ ಅದೇ ಮಹಾಯುದ್ಧದ್ದು. ರಸಾಯನಶಾಸ್ತ್ರಜ್ಞ ಹೆನ್ರಿ ಡಾಕಿನ್ ಮತ್ತು ಶಸ್ತ್ರವೈದ್ಯ ಅಲೆಕ್ಸಿಸ್ ಕ್ಯಾರೆಲ್ ಫ್ರಾನ್ಸಿನಲ್ಲಿ ಸೈನಿಕರ ಗಾಯ ತೊಳೆಯಲು ಬಳಸಿದ ದ್ರಾವಣ ಅದು. ಅದೇ ಕಾಲಕ್ಕೆ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಸುಣ್ಣದ ಬ್ಲೀಚಿಂಗ್ ಪುಡಿಯಿಂದ ಮಾಡಿದ ಯೂಸಾಲ್ ನಮ್ಮ ಆಸ್ಪತ್ರೆಗಳಲ್ಲೂ ಬಹುಕಾಲ ಬಳಕೆಯಲ್ಲಿತ್ತು. ಇವುಗಳ ಹೊಸ ರೂಪವೇ ಈಗಿನ ಸೂಪರ್ ಆಕ್ಸಿಡೈಸ್ಡ್ ದ್ರಾವಣಗಳು. ಇವುಗಳಲ್ಲಿರುವ ಹೈಪೋಕ್ಲೋರಸ್ ಆಮ್ಲವನ್ನು ನಮ್ಮ ಬಿಳಿ ರಕ್ತಕಣಗಳೂ ಕ್ರಿಮಿ ಕೊಲ್ಲಲು ತಯಾರಿಸುತ್ತವೆ. ಉರಿಯಿಲ್ಲ, ಮಾಂಸಕ್ಕೆ ಅಷ್ಟು ಕೇಡಿಲ್ಲ. ಇಟಲಿಯಲ್ಲಿ 40 ಮಧುಮೇಹಿಗಳ ಪಾದದ ಶಸ್ತ್ರಚಿಕಿತ್ಸೆಯ ಗಾಯಗಳಿಗೆ ಒಂದು ಗುಂಪಿಗೆ ಇದನ್ನು, ಇನ್ನೊಂದಕ್ಕೆ ಪೊವಿಡೋನ್ ಅಯೋಡಿನ್ ಹಾಕಿದಾಗ ಆರು ತಿಂಗಳಲ್ಲಿ ಮಾದವರು ಶೇ 90 ಮತ್ತು ಶೇ 55. ಆಕರ್ಷಕ ಅಂಕಿಗಳೇ. ಆದರೆ 40 ಜನರ ಪ್ರಯೋಗದ ಮೇಲೆ ಎಲ್ಲರ ಚಿಕಿತ್ಸೆ ಬದಲಿಸಲಾಗದು.

ಬೆಳ್ಳಿ? ಸಿಲ್ವರ್ ಸಲ್ಫಡಯಾಜಿನ್ 1968ರಲ್ಲಿ ಬಂದದ್ದು ಸುಟ್ಟ ಗಾಯಗಳಿಗಾಗಿ. ಅಲ್ಲಿಂದ ಅದು ಪಾದಕ್ಕೆ ಇಳಿಯಿತು, ಬೆಳ್ಳಿ ತುಂಬಿದ ದುಬಾರಿ ಡ್ರೆಸ್ಸಿಂಗ್‌ಗಳೂ ಬಂದವು. 2007ರಲ್ಲಿ ಪ್ರಕಟವಾದ 134 ರೋಗಿಗಳ ಪ್ರಯೋಗದಲ್ಲಿ ಬೆಳ್ಳಿಯ ಡ್ರೆಸ್ಸಿಂಗಿಗೂ ಪಾಚಿಯ ನಾರಿನಿಂದ ಮಾಡಿದ ಮಾಮೂಲಿ ಡ್ರೆಸ್ಸಿಂಗಿಗೂ ಮಾಯುವ ವೇಗದಲ್ಲಿ ಖಚಿತ ವ್ಯತ್ಯಾಸ ಸಿಗಲಿಲ್ಲ. ಜೇನುತುಪ್ಪಕ್ಕೂ ಗಟ್ಟಿ ಆಧಾರವಿಲ್ಲ. ಹಸಿರು ಕೀವು ಬರುವ ಸ್ಯೂಡೋಮೊನಾಸ್ ಸೋಂಕಿಗೆ ನೀರಾಗಿಸಿದ ಅಸಿಟಿಕ್ ಆಮ್ಲವನ್ನು ಕೆಲವು ದಿನ ಬಳಸುವ ರೂಢಿ ಇದೆ, ನಮ್ಮ ದೇಶದ ಹುಣ್ಣುಗಳಲ್ಲಿ ಆ ಜಾತಿಯ ಬ್ಯಾಕ್ಟೀರಿಯಾ ಪಾಶ್ಚಾತ್ಯ ದೇಶಗಳಿಗಿಂತ ಹೆಚ್ಚಾಗಿ ಕಾಣುವುದರಿಂದ ಇದಕ್ಕೆ ಅರ್ಥವಿದೆ. ಬೀದರಿನ ಗಡಿಯಾಚೆಯ ಲಾತೂರಿನ ವೈದ್ಯರು ಶೇ 3ರ ಸಿಟ್ರಿಕ್ ಆಮ್ಲವನ್ನು ಪಾದದ ಹುಣ್ಣುಗಳಿಗೆ ಹಚ್ಚಿ ಒಳ್ಳೆಯ ಫಲ ಸಿಕ್ಕಿದ್ದನ್ನು ಪ್ರಕಟಿಸಿದ್ದಾರೆ. ಇಷ್ಟು ಅಗ್ಗದ ಔಷಧ, ಅದೂ ನಮ್ಮ ನೆರೆಯಲ್ಲೇ ಬೆಳೆದದ್ದು. ಹೋಲಿಕೆಯ ಗುಂಪು ಇಟ್ಟು ದೊಡ್ಡ ಪ್ರಮಾಣದಲ್ಲಿ ಇದನ್ನು ಪರೀಕ್ಷಿಸುವ ಕೆಲಸಕ್ಕೆ ಸರ್ಕಾರಿ ಹಣ ಸಿಗಬೇಕು.

ಹೊಸ ಔಷಧ ಹುಡುಕುವ ಪ್ರಯತ್ನವೂ ನಡೆಯಿತು. ಆಫ್ರಿಕಾದ ಕಪ್ಪೆಯೊಂದರ ಚರ್ಮದಲ್ಲಿ 1987ರಲ್ಲಿ ಪತ್ತೆಯಾದ ಕ್ರಿಮಿನಾಶಕ ಪದಾರ್ಥದಿಂದ ಪೆಕ್ಸಿಗನಾನ್ ಎಂಬ ಕ್ರೀಮನ್ನು ಪಾದದ ಹುಣ್ಣಿಗೆಂದೇ ರೂಪಿಸಿದರು. ಹಲವು ವರ್ಷ, ಅಪಾರ ಹಣ ಸುರಿದ ಮೇಲೆ 2016ರಲ್ಲಿ ಅಂತಿಮ ಹಂತದ ಪ್ರಯೋಗದ ಫಲಿತಾಂಶ ಬಂತು. ಔಷಧವಿಲ್ಲದ ಬರೀ ಕ್ರೀಮಿಗಿಂತ ಅದು ಮೇಲೆಂದು ಸಾಬೀತಾಗಲಿಲ್ಲ.

ಎಲ್ಲಕ್ಕಿಂತ ನನಗೆ ಮುಖ್ಯವೆನಿಸಿದ ಪ್ರಯೋಗ ಬ್ರಿಟನ್ನಿನದು. 2009ರಲ್ಲಿ ವರದಿಯಾಯಿತು. 317 ಮಧುಮೇಹಿಗಳ ದೀರ್ಘಕಾಲದ ಹುಣ್ಣುಗಳಿಗೆ ಮೂರು ಬಗೆ: ಗಾಯಕ್ಕೆ ಅಂಟದ ಅಗ್ಗದ ಸಾದಾ ಬಟ್ಟೆ, ಪೊವಿಡೋನ್ ಅಯೋಡಿನ್ ಬಟ್ಟೆ, ದ್ರವ ಹೀರುವ ದುಬಾರಿ ಆಧುನಿಕ ಡ್ರೆಸ್ಸಿಂಗ್. 24 ವಾರಗಳಲ್ಲಿ ಮಾದದ್ದು ಕ್ರಮವಾಗಿ ಶೇ 38.7, 44.4, 44.7. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಮೂರರ ನಡುವೆ ವ್ಯತ್ಯಾಸವಿಲ್ಲ. ಈ ಅಂಕಿಗಳ ಇನ್ನೊಂದು ಮುಖ ನೋಡಿ: ಯಾವುದನ್ನೇ ಹಾಕಿದರೂ ಅರ್ಧಕ್ಕಿಂತ ಹೆಚ್ಚು ಹುಣ್ಣುಗಳು ಆರು ತಿಂಗಳಾದರೂ ಮಾಯಲಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗುವ ಕಾಕ್ರೇನ್ ಸಂಸ್ಥೆಯ 2017ರ ಸಮೀಕ್ಷೆ 22 ಪ್ರಯೋಗಗಳನ್ನು ಜರಡಿ ಹಿಡಿದು, ಕ್ರಿಮಿನಾಶಕ ಡ್ರೆಸ್ಸಿಂಗ್‌ಗಳಿಂದ ತುಸು ಹೆಚ್ಚು ಹುಣ್ಣು ಮಾಯಬಹುದು, ಆದರೆ ಸಾಕ್ಷ್ಯ ದುರ್ಬಲ ಎಂದಿತು. ಮಧುಮೇಹಿಗಳ ಪಾದದ ಕುರಿತ ಅಂತರರಾಷ್ಟ್ರೀಯ ಕಾರ್ಯತಂಡ 2023ರ ಮಾರ್ಗಸೂಚಿಯಲ್ಲಿ ಇನ್ನೂ ನೇರವಾಗಿದೆ: ಹುಣ್ಣು ಮಾಯಿಸುವುದಕ್ಕೆಂದು ಕ್ರಿಮಿನಾಶಕವನ್ನಾಗಲಿ, ಬೆಳ್ಳಿ, ಜೇನನ್ನಾಗಲಿ ಬಳಸಬೇಡಿ.

ಇಷ್ಟೊಂದು ಶಕ್ತ ಔಷಧಗಳು ಸೋಲುವುದೇಕೆ? ಹಳೆಯ ಹುಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಒಂಟಿಯಾಗಿ ಇರುವುದಿಲ್ಲ. ಲೋಳೆಯ ಪದರ ಕಟ್ಟಿಕೊಂಡು ಅದರೊಳಗೆ ಗುಂಪಾಗಿ ನೆಲೆಸುತ್ತವೆ. ಹತ್ತು ನಿಮಿಷ ಔಷಧದಲ್ಲಿ ನೆನೆಸಿದ ಬಟ್ಟೆ ಇಟ್ಟರೆ ಆ ಪದರ ಕದಲುವುದಿಲ್ಲ. ಅದನ್ನು ಕೆರೆದೇ ತೆಗೆಯಬೇಕು. ನುರಿತ ಕೈ ಈ ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಬೇಕು. ಬ್ಲೇಡನ್ನು ಅಡ್ಡವಾಗಿ ಹಿಡಿದು ಹುಣ್ಣಿನ ಸುತ್ತಲಿನ ಜಡ್ಡನ್ನು ಪದರ ಪದರವಾಗಿ ಹೆರೆಯುತ್ತಾರೆ. ಹೊರಗೆ ಎಂಟಾಣೆಯಷ್ಟು ಕಂಡ ಹುಣ್ಣು ಜಡ್ಡು ಹೋದ ಮೇಲೆ ಅದರ ಎರಡರಷ್ಟಾಗಿ ತೆರೆದುಕೊಳ್ಳುತ್ತದೆ. ಬಿಳಿಚಿದ ಸತ್ತ ಅಂಚು ಹೋಗಿ ರಕ್ತ ಜಿನುಗುವ ಕೆಂಪು ಮಾಂಸ ಕಾಣುವವರೆಗೆ ಹೆರೆಯುತ್ತಾರೆ. ಆಮೇಲೆ ಮೊಂಡು ತುದಿಯ ಲೋಹದ ಕಡ್ಡಿಯನ್ನು ತಳಕ್ಕೆ ಮೆಲ್ಲನೆ ಇಳಿಸುತ್ತಾರೆ. ಗಟ್ಟಿಯಾಗಿ, ಮರಳಿಗೆ ತಾಗಿದಂತೆ ಕಡ್ಡಿ ನಿಂತರೆ ಸೋಂಕು ಮೂಳೆ ಮುಟ್ಟಿದೆಯೆಂಬ ಗುಮಾನಿ. ಅಲ್ಲಿಗೆ ಮೇಲೆ ಹಚ್ಚುವ ಔಷಧದ ಮಾತು ಮುಗಿಯಿತು. ಎಕ್ಸ್‌ರೇ, ಎಂಆರ್‌ಐ, ವಾರಗಟ್ಟಲೆ ಆ್ಯಂಟಿಬಯೋಟಿಕ್, ಕೆಲವೊಮ್ಮೆ ಶಸ್ತ್ರಚಿಕಿತ್ಸೆ.

ಇನ್ನು ಭಾರ ಇಳಿಸುವ ವಿಚಾರ. ಈ ತಿಳಿವಳಿಕೆಗೆ ನಮ್ಮ ನೆಲದ ಋಣವಿದೆ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಡಾ. ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದಾಗ, ಮಧುಮೇಹಿಗಳಂತೆಯೇ ಕಾಲಿನ ಸ್ಪರ್ಶ ಕಳೆದುಕೊಳ್ಳುವ ಕುಷ್ಠರೋಗಿಗಳ ಮಾಂಸವೇ ಕೆಟ್ಟದ್ದು, ಅದು ಮಾಯುವುದಿಲ್ಲ ಎಂಬ ನಂಬಿಕೆ ವೈದ್ಯರಲ್ಲೂ ಇತ್ತು. ಬ್ರ್ಯಾಂಡ್ ಅವರು ಹುಣ್ಣಾದ ಕಾಲಿಗೆ ಪ್ಲಾಸ್ಟರ್ ಹಾಕಿಸಿದರು. ಅಂಗಾಲಿಗೆಲ್ಲ ಅಂಟಿಕೊಳ್ಳುವ ಪ್ಲಾಸ್ಟರ್ ದೇಹದ ಭಾರವನ್ನು ಒಂದೇ ಬಿಂದುವಿಗೆ ಬಿಡದೆ ಇಡೀ ಪಾದಕ್ಕೂ ಮೊಣಕಾಲ ಕೆಳಗಿನ ಭಾಗಕ್ಕೂ ಹಂಚುತ್ತದೆ. ವಾರಗಳ ನಂತರ ತೆಗೆದಾಗ ಹುಣ್ಣು ಮಾದಿತ್ತು. ಕೆಟ್ಟದ್ದು ಮಾಂಸವಲ್ಲ, ನೋವಿಲ್ಲದ ಕಾಲಿನ ಮೇಲೆ ಬೀಳುತ್ತಿದ್ದ ಒತ್ತಡ ಎಂಬುದು ಖಚಿತವಾಯಿತು. 1960ರ ದಶಕದಲ್ಲಿ ಅವರು ಅಮೆರಿಕದ ಕಾರ್‌ವಿಲ್‌ನ ಕುಷ್ಠರೋಗ ಆಸ್ಪತ್ರೆಗೆ ಹೋದಾಗ ಈ ವಿದ್ಯೆಯೂ ಜೊತೆಗೆ ಹೋಗಿ ಮಧುಮೇಹಿಗಳಿಗೆ ಬಳಕೆಯಾಯಿತು. 2001ರ ಅಮೆರಿಕದ ಪ್ರಯೋಗವೊಂದರಲ್ಲಿ 12 ವಾರಗಳಲ್ಲಿ ಇಂಥ ಪ್ಲಾಸ್ಟರ್ ಹಾಕಿದವರಲ್ಲಿ ಸುಮಾರು ಶೇ 90 ಮಂದಿಯ ಹುಣ್ಣು ಮಾದರೆ, ಬೇಕೆಂದಾಗ ಕಳಚಬಹುದಾದ ಬೂಟು ಕೊಟ್ಟವರಲ್ಲಿ ಶೇ 65, ಅರ್ಧ ಪಾದದ ಚಪ್ಪಲಿ ಕೊಟ್ಟವರಲ್ಲಿ ಶೇ 58.

ಅಯೋಡಿನ್ ಬಟ್ಟೆಗೆ 24 ವಾರಗಳಲ್ಲಿ ಶೇ 44, ಪ್ಲಾಸ್ಟರಿಗೆ 12 ವಾರಗಳಲ್ಲಿ ಶೇ 90. ಎರಡೂ ಬೇರೆ ಬೇರೆ ಪ್ರಯೋಗ, ಬೇರೆ ಬೇರೆ ರೋಗಿಗಳು, ನೇರವಾಗಿ ತೂಗುವಂತಿಲ್ಲ. ಆದರೂ ನಮ್ಮ ಹಣ, ಗಮನ, ಶ್ರಮ ಯಾವ ಕಡೆ ಹೋಗಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ದಿಕ್ಸೂಚಿ ಬೇಡ. ಕಾಲಿಗೆ ರಕ್ತ ಸಾಲದವರಿಗೆ, ತೀವ್ರ ಸೋಂಕು ಇರುವವರಿಗೆ ಪ್ಲಾಸ್ಟರ್ ಸಲ್ಲ. ಅವರಿಗೆ ಮೊದಲು ರಕ್ತನಾಳದ ಚಿಕಿತ್ಸೆ, ಕೀವು ತೆಗೆಯುವುದು. ಉಳಿದವರಿಗೂ ನಮ್ಮಲ್ಲಿ ಪ್ಲಾಸ್ಟರ್ ಹಾಕುವವರು ವಿರಳ. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಪಾದ ಚಿಕಿತ್ಸೆಗೆಂದೇ ವಿಭಾಗವಿದೆ. ರಾಯಚೂರಿನವರು, ಚಾಮರಾಜನಗರದವರು ಹುಣ್ಣಾದ ಕಾಲು ಎಳೆದುಕೊಂಡು ಅಲ್ಲಿಗೆ ಬರಬೇಕೇ? ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಜಡ್ಡು ಹೆರೆಯಬಲ್ಲ, ಪ್ಲಾಸ್ಟರ್ ಹಾಕಬಲ್ಲ ಒಬ್ಬರಾದರೂ ಇರಬೇಕೆಂದು ಕೇಳುವುದು ದುಬಾರಿ ಬೇಡಿಕೆಯಲ್ಲ. ಪ್ಲಾಸ್ಟರ್ ಸಿಗದ ಕಡೆ ದಪ್ಪ ಫೋಮ್ ತುಂಡಿನಲ್ಲಿ ಹುಣ್ಣಿನ ಜಾಗಕ್ಕೆ ರಂಧ್ರ ಕೊರೆದು ಅಂಗಾಲಿಗೆ ಅಂಟಿಸಿದರೂ ಎಷ್ಟೋ ಭಾರ ಇಳಿಯುತ್ತದೆ.

ಹಾಗಾದರೆ ಕ್ರಿಮಿನಾಶಕಕ್ಕೆ ಜಾಗವೇ ಇಲ್ಲವೇ? ಇದೆ, ಚಿಕ್ಕದಾಗಿ. ದಿನನಿತ್ಯ ತೊಳೆಯಲು ಸಲೈನ್ ಸಾಕು. ಹೆರೆದು ಶುದ್ಧ ಮಾಡಿದ ಹುಣ್ಣಿನಲ್ಲಿ ಸೋಂಕಿನ ಲಕ್ಷಣ ಉಳಿದಿದ್ದರೆ, ಬೇರೆ ಚಿಕಿತ್ಸೆಯ ಜೊತೆಗೆ ಒಂದೆರಡು ವಾರ ಪೊವಿಡೋನ್ ಅಯೋಡಿನ್ ಹಾಕುವುದಕ್ಕೆ ನನ್ನ ತಕರಾರಿಲ್ಲ. ರಕ್ತವೇ ಹರಿಯದೆ ಕಪ್ಪಾಗಿ ಒಣಗಿದ ಬೆರಳನ್ನು ಶಸ್ತ್ರಚಿಕಿತ್ಸೆಯವರೆಗೆ ಒಣಗಿಸಿಯೇ ಇಡಲು ವೈದ್ಯರು ಅದನ್ನೇ ಹಚ್ಚಿಸುತ್ತಾರೆ. ಉಳಿದಂತೆ ಗಾಯ ಒಣಗಲಿ ಎಂಬ ಆಸೆ ತಪ್ಪು ದಾರಿಯದು. 1962ರಲ್ಲಿ ಸಂಶೋಧಕ ಜಾರ್ಜ್ ವಿಂಟರ್ ಹಂದಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಒಣಗಲು ಬಿಟ್ಟ ಗಾಯಕ್ಕಿಂತ, ಹಾಳೆ ಹೊದಿಸಿ ತೇವ ಉಳಿಸಿದ ಗಾಯದ ಮೇಲೆ ಚರ್ಮ ಸುಮಾರು ಎರಡು ಪಟ್ಟು ವೇಗದಲ್ಲಿ ಬೆಳೆಯಿತು. ಅರಿಶಿನ, ಕಾಫಿಪುಡಿ, ಸುಣ್ಣ, ಬೇರುಗಳ ಲೇಪ ಯಾವುದೂ ಬೇಡ. ಡೆಟಾಲನ್ನು ನೀರು ಬೆರೆಸದೆ ಸುರಿಯುವುದು, ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಡುವುದು ಬೇಡವೇ ಬೇಡ. ಸ್ಪರ್ಶವಿಲ್ಲದ ಕಾಲು ಬೆಂದದ್ದೂ ತಿಳಿಯುವುದಿಲ್ಲ. ಆಣಿಗೆ ಅಂಗಡಿಯಲ್ಲಿ ಸಿಗುವ ಪಟ್ಟಿಯಲ್ಲಿ ಚರ್ಮ ಕರಗಿಸುವ ಆಮ್ಲ ಇರುತ್ತದೆ, ಅದನ್ನೂ ಮುಟ್ಟಬೇಡಿ.

ಹುಣ್ಣು ಆಗಿರುವವರು ಮನೆಯಲ್ಲಿದ್ದರೆ ನಾಲ್ಕು ವಾರ ಲೆಕ್ಕ ಇಡಿ. ಅಷ್ಟರಲ್ಲಿ ಅದರ ವಿಸ್ತಾರ ಅರ್ಧಕ್ಕೆ ಇಳಿಯದಿದ್ದರೆ ಔಷಧ ಬದಲಿಸಿ ಎಂದು ಕೇಳಬೇಡಿ. ಕಾಲಿಗೆ ರಕ್ತ ಸರಿಯಾಗಿ ಬರುತ್ತಿದೆಯೇ, ಮೂಳೆಗೆ ಸೋಂಕು ತಗುಲಿದೆಯೇ, ಭಾರ ಇಳಿಸಲು ಏನು ಮಾಡೋಣ ಎಂದು ಕೇಳಿ. ಪಾದ ಕೆಂಪಾಗಿ ಊದಿದರೆ, ದುರ್ವಾಸನೆ ಬಂದರೆ, ಬೆರಳು ಕಪ್ಪಾದರೆ, ಚಳಿಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಬೆಳಗಾಗಲಿ ಎಂದು ಕಾಯಬೇಡಿ. ಮಾದ ಹುಣ್ಣು ವರ್ಷದೊಳಗೆ ಶೇ 40 ಮಂದಿಯಲ್ಲಿ ಮರಳುತ್ತದೆ. ಆದ್ದರಿಂದ ಮುಲಾಮಿನ ದುಡ್ಡಿನಲ್ಲಿ ಮೆತ್ತನೆಯ ರಬ್ಬರಿನ ಒಂದು ಜೊತೆ ಎಂಸಿಆರ್ ಚಪ್ಪಲಿ ಕೊಳ್ಳಿ, ಮನೆಯೊಳಗೂ ಹಾಕಿಕೊಳ್ಳಿ. ಮುಂದಿನ ಸಲ ಶುಗರ್ ಪರೀಕ್ಷೆಗೆ ಹೋದಾಗ ರಿಪೋರ್ಟ್ ಮಾತ್ರ ತೋರಿಸಿ ಎದ್ದು ಬರಬೇಡಿ. ಚಪ್ಪಲಿ ಬಿಚ್ಚಿ, ಎರಡೂ ಪಾದಗಳನ್ನು ನೋಡಿ ಎಂದು ವೈದ್ಯರನ್ನು ಕೇಳಿ.